ದೊಡ್ಮನೆಯ ಬಾಟಲಿಗಳಿಗೆ ಆಯುಧಪೂಜೆ

2015ರಲ್ಲಿ ನಾನು ನೈರೋಬಿಯ ವೆಸ್ಟ್‌ಲ್ಯಾಂಡ್ಸ್ ಕಡೆಯ ಒಂದು ದೊಡ್ಡ ಹೋಟೆಲಿನಲ್ಲಿ ಬೆವರೇಜ್ ಮ್ಯಾನೇಜರ್ ಆಗಿದ್ದೆ. ಅಂದರೆ ಹೋಟೆಲಿನೊಳಗೆ ಯಾರು ಏನು ಕುಡಿದರೂ, ಬೆಳಗಿನ ಕಾಫಿಯಿಂದ ಹಿಡಿದು ಊಟದ ಜೊತೆಯ ವೈನ್‌ವರೆಗೆ, ಅದರ ಖರೀದಿ, ದಾಸ್ತಾನು, ಬಡಿಸುವ ಕ್ರಮ ಎಲ್ಲವೂ ನನ್ನ ಹೊಣೆ. ಮೈಸೂರಿನ ಸರಸ್ವತಿಪುರಂನಲ್ಲಿದ್ದ ನನ್ನ ಅಮ್ಮ ನೆಂಟರಿಗೆಲ್ಲ "ನಮ್ ಸುಮಿತ್ರಾ ಆಫ್ರಿಕಾದಲ್ಲಿ ಜ್ಯೂಸ್ ಡಿಪಾರ್ಟ್‌ಮೆಂಟ್ ನೋಡ್ಕೋತಾಳೆ" ಎಂದು ಹೇಳಿಕೊಂಡು ಬಂದಿದ್ದರು. ಸುಳ್ಳೇನಲ್ಲ. ವೈನ್ ಕೂಡ ದ್ರಾಕ್ಷಿಯ ಜ್ಯೂಸೇ ತಾನೆ, ಸ್ವಲ್ಪ ವಯಸ್ಸಾದ ಜ್ಯೂಸ್ ಅಷ್ಟೆ. ವೃತ್ತಿಯಲ್ಲಿದ್ದ ಅಷ್ಟೂ ವರ್ಷ ನಾನು ವೈನನ್ನು ಬಾಯಲ್ಲಿಟ್ಟು, ರುಚಿ ನೋಡಿ, ಉಗಿದಿದ್ದೇನೆಯೇ ಹೊರತು ನುಂಗಿದವಳಲ್ಲ. ನಮ್ಮ ಕಸುಬಿನಲ್ಲಿ ಉಗಿಯುವುದು ಮರ್ಯಾದೆಯ ಕೆಲಸ. ಅದಕ್ಕೆಂದೇ ಬೇರೆ ಪಾತ್ರೆ ಇಟ್ಟಿರುತ್ತಾರೆ.

ನಿವೃತ್ತಳಾಗಿ ಈಗ ಮೈಸೂರಿನಲ್ಲೇ ಇದ್ದೇನೆ. ನೈರೋಬಿಯಲ್ಲಿದ್ದೆ ಎಂದ ಕೂಡಲೇ ಎಲ್ಲರೂ ಸಿಂಹ, ಜಿರಾಫೆಯ ಕಥೆ ಕೇಳುತ್ತಾರೆ. ನನಗೆ ನೆನಪಿಗೆ ಬರುವುದು ಅಕ್ಟೋಬರ್ ತಿಂಗಳ ಜಕರಂಡಾ ಹೂವು, ಅದು ಉದುರಿ ರಸ್ತೆಯೆಲ್ಲ ನೇರಳೆಯಾಗುತ್ತಿದ್ದದ್ದು, ಸಂಜೆಯ ಸಣ್ಣ ಮಳೆ, ಮತ್ತೆ ನಮ್ಮ ಹೋಟೆಲಿನ ಅಡುಗೆಮನೆಗೆ ಅಂಟಿಕೊಂಡಿದ್ದ ನೆಲಮಾಳಿಗೆ. ವೈನ್ ಇಡುವ ಆ ತಂಪು ಕೋಣೆಯನ್ನು ನಾವು ಸೆಲ್ಲರ್ ಎನ್ನುತ್ತಿದ್ದೆವು. ಅಲ್ಲಿ ಇಳಿದಾಗ ಬರುತ್ತಿದ್ದ ಒದ್ದೆ ಕಲ್ಲಿನ ವಾಸನೆ ಈಗಲೂ ಒಮ್ಮೊಮ್ಮೆ ಮೂಗಿಗೆ ಬಂದಂತಾಗಿ ಸಂಕಟವಾಗುತ್ತದೆ.

ಸೆಲ್ಲರಿನ ಉಸ್ತುವಾರಿ ಗ್ರೇಸ್‌ಳದು. ಮೂವತ್ತೈದರ ಆಸುಪಾಸಿನ ಹೆಂಗಸು, ಲಿಮುರು ಕಡೆಯವಳು. ಅವಳ ತಾಯಿ ಚಹಾ ತೋಟದಲ್ಲಿ ಎಲೆ ಬಿಡಿಸುತ್ತಿದ್ದವರು. ವೇಟ್ರೆಸ್ ಆಗಿ ಸೇರಿದವಳು ಬಿಡುವಿನಲ್ಲಿ ಓದಿ ವೈನ್ ಪರೀಕ್ಷೆಗಳನ್ನೆಲ್ಲ ಒಂದೊಂದಾಗಿ ಪಾಸು ಮಾಡಿದ್ದಳು. ನನ್ನನ್ನು "ಮಾಮಾ ಸುಮಿ" ಎಂದು ಕರೆಯುತ್ತಿದ್ದಳು, ಸ್ವಾಹಿಲಿಯಲ್ಲಿ ಮಾಮಾ ಎಂದರೆ ಅಮ್ಮ. ಕೆಲಸದಲ್ಲಿ ನನ್ನ ಬಲಗೈ. ಆದರೂ ಹೆಡ್ ಸೊಮೆಲಿಯೆ ಹುದ್ದೆ, ಎಂದರೆ ಅತಿಥಿಗಳಿಗೆ ವೈನ್ ಆರಿಸಿ ಬಡಿಸುವವರಲ್ಲಿ ಮುಖ್ಯಸ್ಥರ ಹುದ್ದೆ, ಎರಡು ಸಲ ಖಾಲಿಯಾದಾಗ ಎರಡೂ ಸಲ ಹೊರದೇಶದಿಂದ ಯಾರನ್ನೋ ತಂದು ಅವಳ ತಲೆಯ ಮೇಲೆ ಕೂರಿಸಿದರು. "ದೊಡ್ಡ ಹೆಸರಿನ ಕಡೆ ಕೆಲಸ ಮಾಡಿದ ಅನುಭವ ಇಲ್ಲ" ಎನ್ನುವುದು ಮ್ಯಾನೇಜ್‌ಮೆಂಟಿನ ರಾಗ. ನಾನು ಎರಡು ಸಲವೂ ಜಗಳವಾಡಿದೆ, ಎರಡು ಸಲವೂ ಸೋತೆ. ಹೊಸಬ ಬಂದವನು ಗ್ರೇಸ್‌ಳನ್ನೇ ಕೇಳಿ ಕೇಳಿ ಕೆಲಸ ಕಲಿಯುವುದು, ಆಮೇಲೆ ಅವಳಿಗೇ ಆರ್ಡರ್ ಮಾಡುವುದು! ನೋಡಿ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ದೊಡ್ಡ ಹೆಸರು ಎಂದರೆ ಎಂಥದ್ದು ಎಂದು ಹೇಳಬೇಕಾದರೆ ಫ್ರಾನ್ಸಿನ ಒಂದು ವೈನ್ ಎಸ್ಟೇಟಿನ ಕಥೆ ಹೇಳಬೇಕು. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಪ್ರಯೋಜನವಿಲ್ಲ, ಫ್ರೆಂಚರು ಹತ್ತು ಅಕ್ಷರ ಬರೆದು ಆರು ನುಂಗುತ್ತಾರೆ. ನಾನೂ ನಮ್ಮ ಎಕ್ಸಿಕ್ಯುಟಿವ್ ಚೆಫ್ ಕಾಮತರೂ ಅದನ್ನು "ದೊಡ್ಮನೆ" ಎಂದೇ ಕರೆಯುತ್ತಿದ್ದೆವು. ಬೋರ್ಡೋ ಪ್ರಾಂತ್ಯದಲ್ಲಿ, ನದಿ ಸಮುದ್ರಕ್ಕೆ ಸೇರುವ ಕಡೆ ಇದೆ. ನಾನು ಹಿಂದೊಮ್ಮೆ ತರಬೇತಿಗೆಂದು ಅಲ್ಲಿಗೆ ಹೋಗಿ ಕೆಲವು ದಿನ ಇದ್ದೆ. ಅರಮನೆ ಇರುತ್ತದೆ ಎಂದುಕೊಂಡು ಹೋದರೆ, ಉದ್ದನೆಯ ಕಾಂಪೌಂಡಿನೊಳಗೆ ಸಾಧಾರಣ ಗಾತ್ರದ ಹಳೆಯ ಕಲ್ಲಿನ ಮನೆ. ದೊಡ್ಡದು ಮನೆಯಲ್ಲ, ಹಟ.

ಅಲ್ಲಿಯ ನೆಲ ನೋಡಿದರೆ ನಮ್ಮ ರೈತರು ಮೂಗು ಮುರಿಯುತ್ತಾರೆ. ಬರೀ ಬೆಣಚುಕಲ್ಲು. ಕೋರ್ಟಿನ ನ್ಯಾಯಾಧೀಶರೊಬ್ಬರು ಹಿಂದೆ ಯಾವುದೋ ಕಾಲದಲ್ಲಿ ಅದನ್ನು ಕೊಂಡಾಗ ಅಕ್ಕಪಕ್ಕದವರು ನಕ್ಕರಂತೆ, ಗೋಧಿಯೂ ಬೆಳೆಯದ ಜಾಗಕ್ಕೆ ದುಡ್ಡು ಸುರಿದರಲ್ಲ ಎಂದು. ಆದರೆ ಆ ಕಲ್ಲು ಹಗಲಿನ ಬಿಸಿಲನ್ನು ಹಿಡಿದಿಟ್ಟುಕೊಂಡು ಬಳ್ಳಿಯ ಬುಡವನ್ನು ಬೆಚ್ಚಗಿಡುತ್ತದೆ, ಮಳೆ ನೀರನ್ನು ನಿಲ್ಲಗೊಡುವುದಿಲ್ಲ. ಬಳ್ಳಿ ನೀರು ಹುಡುಕಿಕೊಂಡು ಆಳಕ್ಕೆ ಬೇರು ಬಿಡುತ್ತದೆ. ಕಷ್ಟಪಟ್ಟ ಬಳ್ಳಿಯ ಹಣ್ಣಿಗೆ ರುಚಿ ಹೆಚ್ಚು ಎನ್ನುತ್ತಾರೆ ಅಲ್ಲಿಯವರು. 1855ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕೆಂದು ವ್ಯಾಪಾರಿಗಳು ಆ ಪ್ರಾಂತ್ಯದ ಎಸ್ಟೇಟುಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ದೊಡ್ಮನೆಗೆ ಎರಡನೆಯ ದರ್ಜೆ ಸಿಕ್ಕಿತು. ಮೊದಲನೆಯದು ಸಿಗಲಿಲ್ಲವೆಂಬ ಮುನಿಸು ಆ ಮನೆಯವರಿಗೆ ಇನ್ನೂ ಇಳಿದಿಲ್ಲ.

ಆಮೇಲೆ ಬೇರು ತಿನ್ನುವ ಒಂದು ಸಣ್ಣ ಹುಳು ಬಂದು ಫ್ರಾನ್ಸಿನ ಬಳ್ಳಿಗಳನ್ನೆಲ್ಲ ಒಣಗಿಸಿತು. ಊರಿನವರೆಲ್ಲ ಅಮೆರಿಕದ ಬೇರಿಗೆ ತಮ್ಮ ಬಳ್ಳಿ ಕಸಿ ಮಾಡಿ ಉಳಿದುಕೊಂಡರು. ಆಗ ದೊಡ್ಮನೆಯ ಯಜಮಾನಿಕೆ ಒಬ್ಬ ವಿಧವೆಯ ಕೈಯಲ್ಲಿತ್ತು. ಕಸಿ ಮಾಡಿದ ಬಳ್ಳಿ ಪಕ್ವವಾಗುವ ತನಕ ನಮ್ಮ ಹೆಸರಿನ ಬಾಟಲಿ ಹೊರಬೀಳಕೂಡದು ಎಂದು ಆಕೆ ಕೂತುಬಿಟ್ಟಳಂತೆ. ಅಲ್ಲಿಂದ ಅದೇ ಮನೆತನದ ಪದ್ಧತಿಯಾಯಿತು. ಕಟಾವಿನಲ್ಲಿ ಮಳೆ ಹೊಡೆದು ಹಣ್ಣು ಕೆಟ್ಟ ವರ್ಷ ದೊಡ್ಮನೆಯ ಲೇಬಲ್ಲೇ ಇಲ್ಲ. ಇದ್ದ ವೈನನ್ನು ಹೆಸರಿಲ್ಲದೆ ಪೀಪಾಯಿ ಲೆಕ್ಕದಲ್ಲಿ ಮಾರಿಬಿಡುತ್ತಾರೆ. ಅವರ ಹಳೆಯ ಸೆಲ್ಲರಿನಲ್ಲಿ ಪ್ರತಿ ವರ್ಷಕ್ಕೊಂದು ಗೂಡಿದೆ, ಅಂಥ ವರ್ಷಗಳ ಗೂಡು ಖಾಲಿ. ನನ್ನನ್ನು ಕರೆದುಕೊಂಡು ಹೋದ ಮುದುಕ ಕೆಲಸಗಾರ ತುಂಬಿದ ಗೂಡುಗಳ ಮುಂದೆ ಸುಮ್ಮನೆ ನಡೆದು, ಖಾಲಿ ಗೂಡಿನ ಮುಂದೆ ನಿಂತು ಎದೆ ಸೆಟೆಸಿದ. ಯುದ್ಧಕಾಲದಲ್ಲಿ ಒಳ್ಳೆಯ ಬಾಟಲಿಗಳನ್ನು ಗೋಡೆ ಕಟ್ಟಿ ಮುಚ್ಚಿಟ್ಟು, ಹೊಸ ಗೋಡೆಯೆಂದು ಗೊತ್ತಾಗದಿರಲೆಂದು ಮೊಸರು ಬಳಿದು ಪಾಚಿ ಹಿಡಿಸಿದ್ದರಂತೆ. ಅದನ್ನೂ ತೋರಿಸಿದ. ಮೊಸರಿಗೆ ಇಂಥದ್ದೊಂದು ಉಪಯೋಗವಿದೆ ಎಂದು ನನಗೆ ಗೊತ್ತಾದದ್ದು ಆಗಲೇ.

ನಾನು ಹೇಳುತ್ತಿರುವ ಕಾಲಕ್ಕೆ ಆ ವಿಧವೆಯ ವಂಶದ ಮದಾಮ್ ಯಜಮಾನಿ. ಎಪ್ಪತ್ತು ದಾಟಿದ್ದರು. ಆಸ್ತಿ ಕೈ ಬದಲಾಗುವಾಗಿನ ತೆರಿಗೆ ತಡೆಯಲಾರದೆ ಮನೆತನದವರು ಹೆಚ್ಚಿನ ಪಾಲನ್ನು ಒಂದು ಕಂಪನಿಗೆ ಮಾರಿದ್ದರು. ಆಡಳಿತ ಕಂಪನಿಯದು, ಮದಾಮ್‌ಗೆ ಉಳಿದಿದ್ದು ಕೆಲವೇ ಹಕ್ಕುಗಳು. ಅವುಗಳಲ್ಲೊಂದು ಹೊರದೇಶದ ಒಬ್ಬರನ್ನು ಒಂದು ಪೂರ್ತಿ ವರ್ಷ ದೊಡ್ಮನೆಯ ಸೆಲ್ಲರಿನಲ್ಲಿ ಕೆಲಸಕ್ಕೆ ಇಟ್ಟುಕೊಳ್ಳುವುದು. ಅದಕ್ಕೆ ಅರ್ಜಿ ಹಾಕುವಂತಿಲ್ಲ. ಮದಾಮ್ ಎಲ್ಲೋ ಊಟಕ್ಕೆ ಕೂತಾಗ, ಯಾರೋ ವೈನ್ ಬಗ್ಗಿಸುವುದನ್ನು ನೋಡಿ, ತಾವೇ ಆರಿಸಬೇಕು. ಹಾಗೆ ಹೋಗಿ ಬಂದವರನ್ನು ಜಗತ್ತಿನ ಯಾವ ಹೋಟೆಲೂ ಬೇಡ ಎನ್ನುವುದಿಲ್ಲ. ಆ ವರ್ಷದ ಆಯ್ಕೆಯೇ ಮದಾಮ್‌ರ ಕೊನೆಯ ಆಯ್ಕೆ, ಮುಂದಿನ ವರ್ಷದಿಂದ ಕಂಪನಿ ಆ ಪದ್ಧತಿಯನ್ನೇ ನಿಲ್ಲಿಸುತ್ತದೆ ಎಂದು ನಮಗೆ ಸುದ್ದಿ ಬಂದಿತ್ತು.

ಮದಾಮ್‌ರ ಒಬ್ಬಳೇ ಮಗಳು ನೈರೋಬಿಯ ಸ್ಪ್ರಿಂಗ್ ವ್ಯಾಲಿಯಲ್ಲಿದ್ದಳು, ಒಂದು ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಕೆಲಸ. ಆ ಸೆಪ್ಟೆಂಬರಿನಲ್ಲಿ ಅವಳಿಗೆ ಹೆಣ್ಣುಮಗುವಾಯಿತು. ಮೊಮ್ಮಗಳನ್ನು ನೋಡಲು ಮದಾಮ್ ಬರುತ್ತಾರೆ, ಮಗಳ ಹುಟ್ಟಿದ ವರ್ಷವಾದ 1978ರ ದೊಡ್ಮನೆಯ ವೈನು ನಮ್ಮ ಸೆಲ್ಲರಿನಲ್ಲಿ ಆರು ಬಾಟಲಿ ಉಳಿದಿರುವುದು ಅವರಿಗೆ ಗೊತ್ತಾಗಿದೆ, ಅದನ್ನೇ ಬಡಿಸಿ ಒಂದು ಸಣ್ಣ ಊಟ ಏರ್ಪಡಿಸಬೇಕು ಎಂದು ಹೋಟೆಲಿಗೆ ಕೋರಿಕೆ ಬಂತು. ದಿನ ಅಕ್ಟೋಬರ್ 24, ಶನಿವಾರ. ನಾನು ಗ್ರೇಸ್‌ಳನ್ನು ಕರೆದು, "ನೀನೇ ಬಡಿಸಬೇಕು. ಅರ್ಥ ಆಯ್ತಲ್ಲ?" ಎಂದೆ. ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಳು.

ಇಲ್ಲಿ ಕಸುಬಿನ ಒಂದು ಮಾತು. ಹಳೆಯ ಕೆಂಪು ವೈನಿನಲ್ಲಿ ಗಸಿ ಇಳಿದಿರುತ್ತದೆ, ಕಾಫಿಯ ಚರಟಕ್ಕಿಂತ ನುಣುಪು. ಬಾಟಲಿಯನ್ನು ವರ್ಷಗಟ್ಟಲೆ ಮಲಗಿಸಿ ಇಟ್ಟಿರುತ್ತಾರೆ. ಬಡಿಸುವ ಕೆಲವು ದಿನ ಮುಂಚೆ ಮೆಲ್ಲಗೆ ಎತ್ತಿ ನಿಲ್ಲಿಸಿದರೆ ಗಸಿ ತಳಕ್ಕೆ ಕೂರುತ್ತದೆ. ಆಮೇಲೆ ಬಾಟಲಿಯ ಕುತ್ತಿಗೆಯ ಹಿಂದೆ ಮೇಣದಬತ್ತಿ ಹಚ್ಚಿಟ್ಟು, ಬೇಳೆ ಕದಡದಂತೆ ತಿಳಿಸಾರು ಬಗ್ಗಿಸುತ್ತೇವಲ್ಲ ಹಾಗೆ, ತಿಳಿಯನ್ನು ಮಾತ್ರ ಗಾಜಿನ ಹೂಜಿಗೆ ಇಳಿಸಬೇಕು. ಗಸಿ ಬೆರೆತರೆ ವೈನ್ ಕಹಿ, ಮಣ್ಣು ಮಣ್ಣು. ಗ್ರೇಸ್ ಬಾಟಲಿಗಳನ್ನು ಆ ವಾರ ಶುರುವಾಗುವಾಗಲೇ ಎತ್ತಿ ನಿಲ್ಲಿಸಿದ್ದಳು. ಮೂವತ್ತೇಳು ವರ್ಷದ ಧೂಳು ಹಾಗೇ ಇತ್ತು. ಆ ಧೂಳು ವೈನಿನ ಲೋಕದಲ್ಲಿ ಜನ್ಮಪತ್ರಿಕೆ ಇದ್ದಂತೆ, ಅದನ್ನು ಯಾರೂ ಒರೆಸುವುದಿಲ್ಲ.

ಗುರುವಾರ ಆಯುಧಪೂಜೆ. ನಮ್ಮ ಕಾಮತರು ಮಂಗಳೂರಿನವರು, ನೈರೋಬಿಗೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಪ್ರತಿವರ್ಷ ಅಡುಗೆಮನೆಯ ಚಾಕು, ಗ್ರೈಂಡರ್, ಓವನ್ ಎಲ್ಲಕ್ಕೂ ತೊಳೆದು ಗಂಧ ಕುಂಕುಮ ಇಟ್ಟು, ಬೂದುಗುಂಬಳ ಒಡೆದು ಕಡಲೆಪುರಿ ಹಂಚುತ್ತಿದ್ದರು. ಕೀನ್ಯಾದ ಹುಡುಗರೆಲ್ಲ ಹಣೆಗೆ ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ನಿಲ್ಲುತ್ತಿದ್ದರು. ಗ್ರೇಸ್ ಚರ್ಚಿಗೆ ಹೋಗುವವಳು, ಆದರೂ ಸೆಲ್ಲರಿನ ಬಾಗಿಲಿಗೂ ಒಂದು ಬೊಟ್ಟು ಇರಲೆಂದು ಪ್ರತಿವರ್ಷ ಬೀಗದ ಕೈಯನ್ನು ತಾನೇ ಕಾಮತರಿಗೆ ಕೊಡುತ್ತಿದ್ದಳು. ಹಿರಿಯರಿಗೆ ಅವರ ಭಾಷೆಯಲ್ಲಿ ಮ್ಜೇ ಎನ್ನುತ್ತಾರೆ. ಕಾಮತರು ಅವಳಿಗೆ ಮ್ಜೇ ಕಾಮತ್. ಆ ದಿನವೂ ಬೀಗದ ಕೈ ಕೊಟ್ಟು, ಬಂದ ಸರಕು ಬಿಡಿಸಿಕೊಳ್ಳಲು ಏರ್‌ಪೋರ್ಟಿನ ಕಾರ್ಗೋ ಶೆಡ್ಡಿಗೆ ಹೋಗಿದ್ದಳು. ನಾನು ಮೇಲೆ ಮೀಟಿಂಗಿನಲ್ಲಿದ್ದೆ.

ಮಧ್ಯಾಹ್ನ ನಾವಿಬ್ಬರೂ ಒಟ್ಟಿಗೇ ಸೆಲ್ಲರಿಗೆ ಇಳಿದೆವು. ಇಳಿದರೆ ಸಾಂಬ್ರಾಣಿ ಹೊಗೆ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ನವರಾತ್ರಿಯ ಬೊಂಬೆ ಕೂರಿಸಿದ ಹಾಗೆ ಆರೂ ಬಾಟಲಿಗಳನ್ನು ಸಾಲಾಗಿ ಇಡಲಾಗಿತ್ತು. ಫಳಫಳ ಹೊಳೆಯುತ್ತಿದ್ದವು. ಧೂಳೂ ಇಲ್ಲ, ಲೇಬಲ್ಲೂ ಇಲ್ಲ. ಪ್ರತಿ ಬಾಟಲಿಯ ಹೊಟ್ಟೆಗೆ ಮೂರು ಬೆರಳಿನ ಗಂಧ, ನಡುವೆ ಕುಂಕುಮ, ಕುತ್ತಿಗೆಗೆ ಸೇವಂತಿಗೆ ಮಾಲೆ.

"ಹೇಗುಂಟು?" ಎಂದರು ಕಾಮತರು, ಮುಖವರಳಿಸಿಕೊಂಡು. "ದೊಡ್ಮನೆ ಯಜಮಾನಿ ಬರ್ತಾರೆ, ಅವರದ್ದೇ ಮನೆಯ ಬಾಟ್ಲಿ ಧೂಳು ಹಿಡ್ದು ಕೂತಿದೆ. ನಮಗೆ ನಾಚಿಕೆ ಅಲ್ವಾ ಮಾರಾಯ್ರೆ? ಹುಡುಗರ ಹತ್ರ ಹೇಳಿ ಸಿಂಕಲ್ಲಿ ಹಾಕಿ ಚಂದ ಮಾಡಿ ಉಜ್ಜಿಸ್ದೆ."

ನನಗೆ ಸಿಟ್ಟು ನೆತ್ತಿಗೇರಿತು. "ಕಾಮತ್ರೇ, ತಲೆ ಕೆಟ್ಟಿದೆಯಾ ನಿಮ್ಗೆ? ಅದೇನು ಇಡ್ಲಿ ಪಾತ್ರೆನಾ ಉಜ್ಜಿಸೋಕೆ? ಒಂದು ಮಾತು ಕೇಳ್ಬಾರ್ದಾಗಿತ್ತಾ?"

ಗ್ರೇಸ್ ಒಂದು ಬಾಟಲಿಯನ್ನು ಮುಟ್ಟದೆಯೇ ಬಗ್ಗಿ, ಟಾರ್ಚ್ ಹಿಡಿದು ನೋಡಿದಳು. ಒಳಗೆಲ್ಲ ಕದಡಿ ಹೋಗಿತ್ತು. ಮೊದಲ ಮಳೆಗೆ ಕೆರೆ ನೀರು ಕೆಂಪಾಗುತ್ತದಲ್ಲ, ಹಾಗೆ. ಕಾಮತರಿಗೆ ಏನಾಯಿತೆಂದು ನಾನು ಬಿಡಿಸಿ ಹೇಳಿದಾಗ ಆ ಮನುಷ್ಯ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಗ್ರೇಸ್‌ಳಿಗೆ ಅದೇ ಕೊನೆಯ ಅವಕಾಶ ಎಂದು ಅವರಿಗೂ ಗೊತ್ತಿತ್ತು. ಅವಳು ಆಯ್ಕೆಯಾಗಲಿ ಎಂದೇ ಪೂಜೆಯಲ್ಲಿ ಬೇಡಿಕೊಂಡಿದ್ದರಂತೆ ಪುಣ್ಯಾತ್ಮರು!

ಮದಾಮ್‌ಗೆ ಮೊದಲೇ ತಿಳಿಸಿಬಿಡೋಣವೆಂದು ಸ್ಪ್ರಿಂಗ್ ವ್ಯಾಲಿಯ ಮನೆಗೆ ಫೋನ್ ಮಾಡಿದೆ. ಎಲ್ಲರೂ ನೈವಾಶಾ ಸರೋವರಕ್ಕೆ ಹೋಗಿದ್ದಾರೆ, ಅಲ್ಲಿಂದ ನೇರವಾಗಿ ಊಟಕ್ಕೇ ಬರುತ್ತಾರೆ ಎಂದು ಮನೆಗೆಲಸದವಳು ಹೇಳಿದಳು. ಸರಿ, ಮೂವರೂ ಕೂತು ಯೋಚಿಸಿದೆವು. "ತೆಳು ಪಂಚೆ ಬಟ್ಟೇಲಿ ಸೋಸಿದ್ರೆ?" ಎಂದರು ಕಾಮತರು. ಅಷ್ಟು ವಯಸ್ಸಾದ ವೈನನ್ನು ಸೋಸಿದರೆ ಗಾಳಿ ತಾಗಿ ಸುವಾಸನೆಯೇ ಹಾರಿಹೋಗುತ್ತದೆ. "ಬೇರೆ ವರ್ಷದ್ದು ಬಡಿಸೋಣ, ಹಳೇದು ಕೆಟ್ಟಿತ್ತು ಅನ್ನೋಣ" ಎಂದೆ ನಾನು. ಗ್ರೇಸ್ ತಲೆಯಾಡಿಸಿದಳು. "ಅದು ಅವರ ಮಗಳ ವರ್ಷ, ಮಾಮಾ. ಅದಕ್ಕೇ ಬರ್ತಿರೋದು. ಎರಡು ದಿನ ಇದೆ. ಎಷ್ಟು ಕೂರುತ್ತೋ ಅಷ್ಟು ಕೂರಲಿ. ಯಾರೂ ಅಲ್ಲಾಡಿಸದೆ ಇದ್ದರೆ ಸಾಕು."

ಅಲ್ಲಾಡಿಸದೆ ಎಂದರೆ ಸುಲಭವಲ್ಲ. ಸೆಲ್ಲರಿನ ಗೋಡೆಯಾಚೆ ಅಡುಗೆಮನೆಯ ಕೋಲ್ಡ್ ರೂಮಿನ ಕಂಪ್ರೆಸರ್ ಇತ್ತು, ಅದು ಓಡಿದಾಗಲೆಲ್ಲ ಗೋಡೆ ಸಣ್ಣಗೆ ಅದುರುತ್ತಿತ್ತು. ಕಾಮತರು ತಾವೇ ನಿಂತು ಆ ಕೋಲ್ಡ್ ರೂಮನ್ನು ಬಂದ್ ಮಾಡಿಸಿದರು. ಒಳಗಿದ್ದ ಮೀನು, ಮಾಂಸ, ಬೆಣ್ಣೆಯನ್ನೆಲ್ಲ ಹಿತ್ತಲ ಕಡೆಯ ಸಣ್ಣ ಕೋಣೆಗೆ ತುರುಕಿಸಿದರು. ಗ್ರೈಂಡರ್ ಹಾಕಕೂಡದು, ಕುಟ್ಟಕೂಡದು, ಟ್ರಾಲಿ ಎಳೆಯಕೂಡದು. ಇಡ್ಲಿ ದೋಸೆ ಮೆನುವಿನಿಂದಲೇ ಮಾಯ. ಎರಡು ದಿನ ನಮ್ಮ ಅಡುಗೆಮನೆಯಲ್ಲಿ ಹಸಿ ಬಾಣಂತಿ ಮಲಗಿದ್ದಾಳೇನೋ ಎಂಬಂತೆ ಎಲ್ಲರೂ ತುದಿಗಾಲಿನಲ್ಲಿ ಓಡಾಡಿದರು. ಯಾರದೋ ಕೈಯಿಂದ ಸೌಟು ಬಿದ್ದರೆ ಇಡೀ ಕಿಚನ್ "ಶ್!" ಎನ್ನುತ್ತಿತ್ತು. ಸಾಂಬ್ರಾಣಿ ವಾಸನೆ ಹಿಡಿದಿದ್ದ ಗ್ಲಾಸುಗಳನ್ನು ನಾನು ಬಿಸಿನೀರಿನಲ್ಲಿ ಮತ್ತೆ ಮತ್ತೆ ತೊಳೆದೆ. ಈಗ ನೆನೆದರೆ ನಗು ಬರುತ್ತದೆ.

ಶನಿವಾರ ಸಂಜೆ ಹನ್ನೆರಡು ಮಂದಿ ಅತಿಥಿಗಳು. ಮದಾಮ್ ಸಣ್ಣ ಆಳು, ಬೂದು ಬಣ್ಣದ ಸ್ವೆಟರ್, ಕೈಯಲ್ಲಿ ರೈತರ ಕೈಯಂಥ ಗೀರುಗಳು. ಪಕ್ಕದಲ್ಲಿ ಮಗಳು. ಎದುರಿಗೆ ಕಂಪನಿಯ ಡೈರೆಕ್ಟರ್, ನಲವತ್ತರ ಒಳಗಿನ ಚುರುಕು ಯುವಕ, ಆಫ್ರಿಕಾದ ಮಾರುಕಟ್ಟೆ ನೋಡಲೆಂದು ಜೊತೆಗೆ ಬಂದಿದ್ದ. ಗ್ರೇಸ್ ಮೇಣದಬತ್ತಿ ಹಚ್ಚಿ, ಅತಿಥಿಗಳ ಎದುರಿನ ಮೇಜಿನಲ್ಲೇ ಮೊದಲ ಬಾಟಲಿ ಕೈಗೆತ್ತಿಕೊಂಡಳು.

"ಲೇಬಲ್ ಎಲ್ಲಿ?" ಎಂದ ಡೈರೆಕ್ಟರ್. "ಧೂಳೆಲ್ಲಿ? ಇದು ನಮ್ಮದೇ ಅಂತ ಹೇಗೆ ನಂಬೋದು?"

ಗ್ರೇಸ್ ಬಿರಡೆ ತೆಗೆದು ತಟ್ಟೆಯಲ್ಲಿಟ್ಟು ಅವನ ಮುಂದೆ ಹಿಡಿದಳು. ಎಸ್ಟೇಟಿನ ಹೆಸರೂ ವರ್ಷವೂ ಅದರ ಮೇಲೆ ಅಚ್ಚಾಗಿದ್ದವು. ಆಮೇಲೆ, ನಾನು ಬೇಡವೆಂದು ಕಣ್ಣಲ್ಲೇ ಹೇಳುತ್ತಿದ್ದರೂ, ಎಲ್ಲರಿಗೂ ಕೇಳುವಂತೆ ಹೇಳಿದಳು. "ಸರ್, ಗುರುವಾರ ಇಲ್ಲಿ ಹಬ್ಬ ಇತ್ತು. ಬಾಟಲಿಗಳನ್ನು ತೊಳೆದುಬಿಟ್ಟರು. ಬೀಗದ ಕೈ ಕೊಟ್ಟವಳು ನಾನು. ವೈನ್ ಕದಡಿದೆ. ತಿಳಿ ಎಷ್ಟು ಬರುತ್ತೋ ಅಷ್ಟು ಕೊಡುತ್ತೇನೆ."

ನಮ್ಮ ಜನರಲ್ ಮ್ಯಾನೇಜರ್ ಬಾಗಿಲ ಬಳಿ ಬೆವರುತ್ತಿದ್ದರು. ಗ್ರೇಸ್ ಬಗ್ಗಿಸತೊಡಗಿದಳು. ಅಷ್ಟು ನಿಧಾನವಾಗಿ ಯಾರಾದರೂ ಬಗ್ಗಿಸಿದ್ದನ್ನು ನಾನು ಕಂಡಿಲ್ಲ. ಬಾಟಲಿ ಅರ್ಧದಷ್ಟಾಗುವ ಹೊತ್ತಿಗೆ ಕುತ್ತಿಗೆಯಲ್ಲಿ ಸಣ್ಣ ಮಬ್ಬು ಕಾಣಿಸಿತು. ತಕ್ಷಣ ಕೈ ಎತ್ತಿದಳು. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಆರೂ ಮುಗಿದಾಗ ಹೂಜಿಗಳಲ್ಲಿ ಹನ್ನೆರಡು ಮಂದಿಗೆ ಒಂದೊಂದು ಗ್ಲಾಸಿನಷ್ಟು ಮಾತ್ರ ಬಂದಿತ್ತು.

ಡೈರೆಕ್ಟರ್ ತನ್ನ ಗ್ಲಾಸನ್ನು ಬೇಗ ಮುಗಿಸಿ, ಬಾಟಲಿಗಳ ಕಡೆ ಬೆರಳು ತೋರಿಸಿದ. "ಇನ್ನೂ ಅರ್ಧರ್ಧ ಇದೆಯಲ್ಲ. ಹಾಕು."

"ಇಲ್ಲ ಸರ್."

"ಇದು ನಮ್ಮ ವೈನ್. ನಾನು ಹೇಳ್ತಿದ್ದೀನಿ, ಹಾಕು."

"ಹಪಾನಾ" ಎಂದುಬಿಟ್ಟಳು ಗ್ರೇಸ್. ಸ್ವಾಹಿಲಿಯಲ್ಲಿ 'ಇಲ್ಲ' ಎಂದರ್ಥ, ಅಪ್ಪಣೆ ಕೇಳದೆ ಬಾಯಿಂದ ಬಂದಿತ್ತು. ಕೂಡಲೇ ಇಂಗ್ಲಿಷಿಗೆ ಹೊರಳಿ, "ಕ್ಷಮಿಸಿ ಸರ್. ಅದನ್ನು ನಿಮಗೆ ಕೊಟ್ಟರೆ ನೀವು ನೆನಪಿಟ್ಟುಕೊಳ್ಳೋದು ಆ ರುಚಿಯನ್ನೇ. ನನ್ನ ಕೈಯಿಂದ ಅದು ಆಗಲ್ಲ" ಎಂದಳು.

ಅವನು ಮುಖ ಕೆಂಪು ಮಾಡಿಕೊಂಡು ನನ್ನ ಕಡೆ ತಿರುಗಿದ. ಮೇಲಧಿಕಾರಿ ಒಂದು ಮಾತು ಹೇಳಿದರೆ ಅವಳು ಕೇಳಲೇಬೇಕಲ್ಲ. ಅತಿಥಿಗೆ ಇಲ್ಲ ಎನ್ನಬಾರದು ಎಂದು ನಾನೇ ವರ್ಷಗಟ್ಟಲೆ ಟ್ರೈನಿಂಗ್ ಕೊಟ್ಟವಳು. ಆದರೆ ಆ ಘಳಿಗೆಯಲ್ಲಿ ನನ್ನ ಬಾಯಿಂದ ಬಂದ ಮಾತು ಇದು: "ಸೆಲ್ಲರ್ ಅವಳದು ಸರ್. ಅಲ್ಲಿ ಅವಳ ಮಾತೇ ಕೊನೆ." ಜನರಲ್ ಮ್ಯಾನೇಜರ್ ಕಣ್ಣು ಮುಚ್ಚಿಕೊಂಡರು.

ಮದಾಮ್ ಎದ್ದು ಬಂದು, ಕೊನೆಯ ಬಾಟಲಿಯನ್ನು ಮೆಲ್ಲಗೆ ಎತ್ತಿ ಮೇಣದಬತ್ತಿಯ ಎದುರು ಹಿಡಿದು ನೋಡಿದರು. "ಇದರಲ್ಲಿ ಇನ್ನೂ ಎರಡು ಬೆರಳು ತಿಳಿ ಬರುತ್ತಿತ್ತು" ಎಂದರು.

"ಬರುತ್ತಿತ್ತು ಮದಾಮ್" ಎಂದಳು ಗ್ರೇಸ್. "ನಿಮ್ಮ ಮಗಳ ವರ್ಷ ಇದು. ನನಗೆ ಧೈರ್ಯ ಬರಲಿಲ್ಲ."

ಮದಾಮ್ ಬಾಟಲಿ ಕೆಳಗಿಟ್ಟು, ಅದರ ಕುತ್ತಿಗೆಯಲ್ಲಿ ಸಿಕ್ಕಿಕೊಂಡಿದ್ದ ಸೇವಂತಿಗೆಯ ಒಂದು ಎಸಳನ್ನು ಕಿತ್ತು ಅಂಗೈ ಮೇಲೆ ಇಟ್ಟುಕೊಂಡರು. ಇದು ಯಾರ ಕೆಲಸ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಾಮತರು ಅಡುಗೆಮನೆಯ ಬಾಗಿಲಿನಿಂದ ಕೈಮುಗಿದುಕೊಂಡು ಬಂದರು, ಟೋಪಿಯನ್ನೂ ತೆಗೆದಿದ್ದರು. "ನಂದು ತಪ್ಪು ಅಮ್ಮ. ಹುಡುಗಿದು ಏನೂ ಇಲ್ಲ. ಬೇಕಾದ್ರೆ ನನ್ನ ಕೆಲಸ ತೆಗೀಲಿ" ಎಂದು ಇಂಗ್ಲಿಷನ್ನೂ ಮರೆತು ಕನ್ನಡದಲ್ಲೇ ಹೇಳಿದರು. ನಾನು ಅದನ್ನು ಇಂಗ್ಲಿಷಿಗೆ ಮಾಡಿದೆ. ವರ್ಷಕ್ಕೊಂದು ದಿನ ನಮ್ಮವರು ಕೆಲಸದ ಹತಾರಗಳಿಗೆ ಬಿಡುವು ಕೊಟ್ಟು, ತೊಳೆದು, ಹೂವಿಟ್ಟು ಕೈಮುಗಿಯುತ್ತಾರೆ ಎಂದೂ ವಿವರಿಸಿದೆ.

ಮದಾಮ್ ಎಸಳನ್ನು ಮೇಜಿನ ಮೇಲಿಟ್ಟರು. "ನಮ್ಮಲ್ಲೂ ಕಟಾವಿನ ಕೊನೆಯ ದಿನ ಗಾಡಿಗೆ ಹೂವು ಕಟ್ಟುತ್ತೇವೆ" ಎಂದರು. "ಈ ವರ್ಷ ಅದಕ್ಕೆ ನಾನಿರಲಿಲ್ಲ. ಮೊಮ್ಮಗಳನ್ನು ನೋಡುವ ಆಸೆಗೆ ಬೇಗ ಹೊರಟು ಬಂದೆ. ನನ್ನ ಜೀವಮಾನದಲ್ಲಿ ತಪ್ಪಿಸಿಕೊಂಡದ್ದು ಇದೊಂದೇ." ಆಮೇಲೆ ಕಾಮತರ ಕಡೆ ತಿರುಗಿ, "ಆದರೆ ಬಾಟಲಿಗೆ ಕಟ್ಟುವುದಿಲ್ಲ. ನೀವೂ ಇನ್ನು ಮೇಲೆ ಕಟ್ಟಬೇಡಿ" ಎಂದರು. ಮಗಳು ಜೋರಾಗಿ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಅವಳ ಗ್ಲಾಸಿನಲ್ಲಿ ವೈನು ಇನ್ನೂ ಉಳಿದಿತ್ತು, ಮೂಗಿನ ಹತ್ತಿರ ಹಿಡಿದುಕೊಂಡೇ ಕೂತಿದ್ದಳು.

ಆಯ್ಕೆಯ ಬಗ್ಗೆ ಮಾತ್ರ ಯಾರೂ ಮಾತೆತ್ತಲಿಲ್ಲ. ಊಟ ಮುಗಿಯಿತು. ಪೋರ್ಟಿಕೋದಲ್ಲಿ ಕಾರು ಬರಲೆಂದು ಕಾಯುವಾಗ ಹೊರಗೆ ಮಳೆ ಹಿಡಿದಿತ್ತು. ಗ್ರೇಸ್ ಕೊಡೆ ಹಿಡಿದು ಮದಾಮ್‌ರನ್ನು ಕಾರಿನವರೆಗೆ ಬಿಡಲು ಹೋದಳು, ನಾನು ಹಿಂದೆಯೇ ಇದ್ದೆ. ಬಾಗಿಲ ಬಳಿ ಮದಾಮ್ ನಿಂತರು. "ಆಗಸ್ಟಿನಲ್ಲಿ ಬಾ. ಒಳ್ಳೆಯ ಬೂಟು ತಾ, ನಮ್ಮಲ್ಲಿ ಕೆಸರು ಜಾಸ್ತಿ" ಎಂದರು.

ಡೈರೆಕ್ಟರ್ ಕಾರಿನೊಳಗಿಂದಲೇ, "ಮದಾಮ್, ಇದನ್ನು ಕಂಪನಿ ಒಪ್ಪಬೇಕಾಗುತ್ತೆ" ಎಂದ.

"ಈ ವರ್ಷದ ಮಟ್ಟಿಗೆ ನಾನು ಒಪ್ಪಿದರೆ ಸಾಕು. ಬಗ್ಗಿಸುವುದನ್ನು ನಮ್ಮಲ್ಲಿ ಒಂದು ವಾರದಲ್ಲಿ ಕಲಿಸುತ್ತೇವೆ. ನಿನ್ನಂಥವನು ಇನ್ನಷ್ಟು ಕೇಳಿದಾಗಲೂ ನಿಲ್ಲಿಸುವುದನ್ನು ನನಗೆ ಕಲಿಸಲು ನಮ್ಮಪ್ಪನಿಗೆ ಹತ್ತು ವರ್ಷ ಬೇಕಾಯಿತು." ಹಾಗೆಂದು ಮದಾಮ್ ಬಾಗಿಲು ಹಾಕಿಕೊಂಡರು.

ಕಾರು ಹೋದ ಮೇಲೆ ಗ್ರೇಸ್ ಕೊಡೆಯನ್ನು ತನ್ನ ತಲೆಗೆ ಹಿಡಿಯುವುದನ್ನೂ ಮರೆತು ಮಳೆಯಲ್ಲೇ ನಿಂತಿದ್ದಳು. ಕಾಮತರು ಓಡಿಬಂದು, "ಎಂತ ಹೇಳಿದ್ರು? ಎಂತ ಹೇಳಿದ್ರು?" ಎಂದು ಕೇಳಿದರು. ಹೇಳಿದೆ. ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಗ್ರೇಸ್ ಅವರ ಭುಜ ಹಿಡಿದು, "ಪೋಲೆ, ಮ್ಜೇ, ಪೋಲೆ" ಎಂದು ಸಮಾಧಾನ ಮಾಡಿದಳು. ತಾನೂ ಅಳುತ್ತಿದ್ದಳು. "ಮುಂದಿನ ವರ್ಷವೂ ಪೂಜೆ ಮಾಡಿ. ನಿಲ್ಲಿಸಬೇಡಿ. ಬಾಗಿಲಿಗೆ ಮಾತ್ರ!"

ಉಳಿದ ಗಸಿ ವೈನನ್ನು ಚೆಲ್ಲಲು ಕಾಮತರಿಗೆ ಮನಸ್ಸಾಗಲಿಲ್ಲ. ಭಾನುವಾರ ಸ್ಟಾಫ್ ಕ್ಯಾಂಟೀನಿನ ಮಾಂಸದ ಗ್ರೇವಿಗೆ ಅಷ್ಟನ್ನೂ ಹಾಕಿ ಕುದಿಸಿದರು. ಜಗತ್ತಿನ ಅತಿ ದುಬಾರಿ ಗ್ರೇವಿಯನ್ನು ನಮ್ಮ ಹುಡುಗರು ಜೋಳದ ಹಿಟ್ಟಿನ ಉಗಾಲಿಯ ಜೊತೆ ಚಪ್ಪರಿಸಿ, "ಸವಾ, ಪರವಾಗಿಲ್ಲ, ಆದರೆ ಉಪ್ಪು ಕಡಿಮೆ" ಎಂದು ತೀರ್ಪು ಕೊಟ್ಟರು. ನಾನು ಸಸ್ಯಾಹಾರಿ, ವಾಸನೆ ಮಾತ್ರ ನೋಡಿದೆ.

ಗ್ರೇಸ್ 2016ರ ಆಗಸ್ಟಿನಲ್ಲಿ ಫ್ರಾನ್ಸಿಗೆ ಹೋದಳು. ವರ್ಷ ಮುಗಿದ ಮೇಲೆ ಅಲ್ಲೇ ಇನ್ನೊಂದು ಎಸ್ಟೇಟಿನವರು ಅವಳನ್ನು ಇಟ್ಟುಕೊಂಡರು. ನಮ್ಮ ಹೋಟೆಲಿನವರು ಈಗ ಹೆಡ್ ಸೊಮೆಲಿಯೆ ಹುದ್ದೆ ಕೊಡುತ್ತೇವೆ ಬಾ ಎಂದು ಕರೆದಾಗ ನಯವಾಗಿ ಬೇಡವೆಂದಳು. ನನಗೆ ಒಳಗೊಳಗೇ ಖುಷಿಯೋ ಖುಷಿ.

ಸೇವೆಯ ಕೆಲಸದಲ್ಲಿ ಹೌದು ಎನ್ನುವುದೇ ಗುಣ ಎಂದು ನಾವು ಕಲಿಸುತ್ತೇವೆ, ತಪ್ಪಲ್ಲ. ಆದರೆ ಹೆಸರು ನಿಲ್ಲುವುದು ಯಾವುದಕ್ಕೆ ಇಲ್ಲ ಎಂದೆವು ಎನ್ನುವುದರ ಮೇಲೆ, ಅದು ಫ್ರಾನ್ಸಿನ ಎಸ್ಟೇಟಾಗಲಿ, ಲಿಮುರುವಿನ ಹುಡುಗಿಯಾಗಲಿ. ನನ್ನ ಕಸುಬು ನನಗೆ ಕಲಿಸಿದ್ದು ಇದು. ಇನ್ನೊಂದು ಸಂಗತಿ ಉಳಿದಿದೆ, ಅದನ್ನು ಹೇಳಿಯೇ ಮುಗಿಸುತ್ತೇನೆ. ಗ್ರೇಸ್ ಫ್ರಾನ್ಸಿಗೆ ಹೋದ ವರ್ಷದ ಆಯುಧಪೂಜೆಯ ದಿನ ಕಾಮತರು ಸೆಲ್ಲರಿನ ಬಾಗಿಲಿಗಷ್ಟೇ ಕುಂಕುಮವಿಟ್ಟು, ನನ್ನ ಕೈಗೆ ಕಡಲೆಪುರಿ ಹಾಕಿದರು. ಅವಳು ಆ ದಿನ ಅಲ್ಲಿರಬಾರದು, ದೊಡ್ಮನೆಯಲ್ಲಿರಬೇಕು ಎಂದೇ ಅಲ್ಲವೆ ನಾವೆಲ್ಲ ಎರಡು ದಿನ ಉಸಿರು ಬಿಗಿಹಿಡಿದು ಓಡಾಡಿದ್ದು? ಗೊತ್ತಿತ್ತು. ಗೊತ್ತಿದ್ದೂ ಅವಳ ಪಾಲಿನ ಕಡಲೆಪುರಿಯನ್ನು ಪೊಟ್ಟಣ ಕಟ್ಟಿಕೊಂಡು, ಸೆಲ್ಲರಿನ ಮೆಟ್ಟಿಲು ಇಳಿದು, ಕತ್ತಲೆಯಲ್ಲಿ "ಗ್ರೇಸ್" ಎಂದು ಕರೆದೆ.